ಮೂರು ಬೊಗಸೆ ಕೆರೆ ನೀರು

ಈಗ ಯಾರಾದರೂ ನನ್ನ ಮುಂದೆ ಕೂತು, "ಆಗ ಏನ್ ಕೆರೆಗಳು ಸಾರ್ ನಮ್ ಕಡೆ, ಕನ್ನಡಿ ಥರ ಇದ್ವು" ಎಂದು ಶುರುಮಾಡಿದರೆ ನನಗೆ ಸಿಟ್ಟು ಬರುತ್ತದೆ. ಕೆರೆಗಳೇನು ವಯಸ್ಸಾಗಿ ಸತ್ತವೇ? ಒಂದು ಕೆರೆಯ ಮಟ್ಟಿಗಾದರೂ ಅದರ ಮೀನುಗಳನ್ನು ಕೊಂದವರು ಯಾರು, ಯಾವ ವಾರ, ಎಷ್ಟು ಹೊತ್ತಿಗೆ ಎಂದು ನಾನು ಹೇಳಬಲ್ಲೆ. ಶನಿವಾರ, ಮಧ್ಯಾಹ್ನ ಮೂರೂವರೆ. ಕೊಂದವನು ನಾನು.

ಎಪ್ಪತ್ತರ ದಶಕದ ನಡುವಿನ ಮಾತು. ವಿಜಯನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಒಂದು ವಠಾರದಲ್ಲಿ ಒಂದೂವರೆ ಕೋಣೆ ಹಿಡಿದು ನಾನೂ ನನ್ನ ಹೆಂಡತಿಯೂ ಸಂಸಾರ ಹೂಡಿದ್ದೆವು. ಮಾಗಡಿ ರಸ್ತೆ ಕಡೆಯ ಒಂದು ಪ್ಲೇಟಿಂಗ್ ಶೆಡ್ಡಿನಲ್ಲಿ ನನಗೆ ಕೆಲಸ. ನಲ್ಲಿ, ಬಾಗಿಲ ಚಿಲಕ, ಸೈಕಲ್ ಹ್ಯಾಂಡಲ್ಲು, ಹೀಗೆ ಮಂಕಾಗಿ ಬಂದದ್ದನ್ನೆಲ್ಲ ತೊಟ್ಟಿಯಲ್ಲಿ ಅದ್ದಿ, ಕರೆಂಟು ಹಾಯಿಸಿ, ಫಳಫಳ ಮಾಡಿ ಕಳಿಸುವುದು. ನಾಲ್ಕು ಜನ ಕೆಲಸಗಾರರ ಮೇಲೆ ನಾನು ಮೇಸ್ತ್ರಿ. ಆ ಕಾಲಕ್ಕೆ ಅದೊಂದು ದೊಡ್ಡಸ್ತಿಕೆ. ಹಳ್ಳಿಯ ನೆಂಟರ ಮುಂದೆ ನಾನು ಅದನ್ನು ಸ್ವಲ್ಪ ಹೆಚ್ಚೇ ಹೇಳಿಕೊಳ್ಳುತ್ತಿದ್ದೆ.

ಹೆಂಡತಿ ನನ್ನ ಸೋದರಮಾವನ ಮಗಳು. ಮಾವನ ಊರು ಮೂಡಲಪಾಳ್ಯ ದಾಟಿ ಆಚೆ, ನಮ್ಮ ವಠಾರದಿಂದ ಸೈಕಲ್ಲಿನಲ್ಲಿ ಅರ್ಧ ಗಂಟೆಯ ದಾರಿ. ಆ ಊರ ಕೆರೆಗೆ ಮಾವ ನೀರಗಂಟಿ. ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹೋಗಬೇಕೆಂದು ನಿಂತು ನೋಡುವುದು, ಏರಿಯಲ್ಲಿ ಇಲಿ ಬಿಲ ಕಂಡರೆ ಮುಚ್ಚುವುದು, ಇವೆಲ್ಲ ಅವರ ಕೆಲಸ. ಅವರ ಅಪ್ಪನದೂ ಅದೇ ಕೆಲಸವಾಗಿತ್ತು. ತೂಬು ಎತ್ತುವ ಕಬ್ಬಿಣದ ಸಲಾಕೆ ಮನೆಯ ಬಾಗಿಲ ಹಿಂದೆ ನಿಂತಿರುತ್ತಿತ್ತು. ಅದನ್ನು ಮಾವ ಬಿಟ್ಟರೆ ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಮಾವ ನನಗೆ ಹೆಣ್ಣು ಕೊಡುವ ಮೊದಲೇ ಗಾಳ ಕೊಟ್ಟಿದ್ದರು ಎಂದು ಅತ್ತೆ ತಮಾಷೆ ಮಾಡುತ್ತಿದ್ದರು. ನಿಜ. ಭಾನುವಾರ ಬಂತೆಂದರೆ ಸೈಕಲ್ಲು ತಾನಾಗಿಯೇ ಆ ಕಡೆ ತಿರುಗುತ್ತಿತ್ತು. ದೀಪಾವಳಿ ಕಳೆದು ಕೆರೆ ತುಂಬಿ ನಿಂತಾಗ ಗೆಂಡೆ ಮೀನಿನ ಕಾಲ. ಗೆಂಡೆಗೆ ಎರೆಹುಳಕ್ಕಿಂತ ರಾಗಿಮುದ್ದೆ ಇಷ್ಟ. ತಂಗಳು ಮುದ್ದೆಗೆ ಹುರಿಗಡಲೆ ಪುಡಿ ಹಾಕಿ ನಾದಿ, ಗೋಲಿಯಷ್ಟು ಉಂಡೆ ಮಾಡಿ ಸಿಕ್ಕಿಸುತ್ತಿದ್ದೆವು. "ನಾವ್ ಉಣ್ಣೋದ್ನೇ ಅದ್ಕೂ ಇಕ್ಬೇಕು ಕಣ್ಲಾ, ಆಗ ನಮ್ಮನ್ನ ನಂಬ್ತದೆ" ಎನ್ನುತ್ತಿದ್ದರು ಮಾವ. ನಂಬಿಸಿ ಕತ್ತು ಕುಯ್ಯುವುದು ಎಂದು ನಾನು ನಕ್ಕರೆ ಅವರು ನಗುತ್ತಿರಲಿಲ್ಲ.

ಧನುರ್ಮಾಸದ ಚಳಿಗೆ ಮೀನು ತಳ ಹಿಡಿಯುತ್ತದೆ. ಗಾಳದ ಬೆಂಡು ನೀರಿನ ಮೇಲೆ ಸುಮ್ಮನೆ ಮಲಗಿರುತ್ತದೆ. ನನಗೆ ಕಾಲು ಜೋಮು ಹಿಡಿದು ಎದ್ದು ಓಡಾಡಬೇಕೆನಿಸುತ್ತಿತ್ತು. ಮಾವ ಮಾತ್ರ ಕಂಬಳಿ ಹೊದ್ದು, ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು, ಬಿಸಿಲೇರುವವರೆಗೆ ಕಾಯುತ್ತಿದ್ದರು. ಬಿಸಿಲು ಬಿದ್ದ ಮೇಲೆ ಕೊರವ ಮೀನು ಜೊಂಡಿನ ಅಂಚಿಗೆ ಬಂದು ಮೈ ಕಾಯಿಸಿಕೊಳ್ಳುತ್ತದೆ. ಅದಕ್ಕೆ ಪುಟ್ಟ ಕಪ್ಪೆ ಕಟ್ಟಿ ಜೊಂಡಿನ ಪಕ್ಕ ಕುಣಿಸಿದರೆ ತಡೆಯಲಾರದೆ ಹಾರಿ ಕಚ್ಚುತ್ತದೆ. ಶಿವರಾತ್ರಿ ಕಳೆದು ನೀರು ಇಳಿದಂತೆ ಕೊರವಗಳು ಗಾಳಿ ಕುಡಿಯಲು ಮೇಲೆ ಬರುವ ಸದ್ದು ಏರಿಯ ಮೇಲೆ ಕೂತವರಿಗೂ ಕೇಳುತ್ತಿತ್ತು. ಬೇಸಗೆಯ ಕೊನೆಗೆ, ಕೆರೆ ಸೊಂಟದ ಮಟ್ಟಕ್ಕೆ ಬಂದಾಗ, ಊರಿನವರು ಒಂದು ದಿನ ಗೊತ್ತು ಮಾಡುತ್ತಿದ್ದರು. ಆ ದಿನ ಮನೆಗೊಬ್ಬರಂತೆ ಬಲೆ ಹಿಡಿದು ಎಲ್ಲರೂ ಇಳಿಯುವುದು, ಸಿಕ್ಕಿದ್ದನ್ನು ಏರಿಯ ಮೇಲೆ ಗುಡ್ಡೆ ಹಾಕಿ ಮನೆಮನೆಗೂ ಸಮವಾಗಿ ಹಂಚುವುದು. ಅಲ್ಲಿಯವರೆಗೆ ಗಾಳವಲ್ಲದೆ ಬಲೆ ಹಾಕುವಂತಿಲ್ಲ. ಹಾಕದಂತೆ ಕಾಯುವುದೂ ನೀರಗಂಟಿಯ ಕೆಲಸವೇ.

ಒಂದು ಸಲ ನಾನು ಅವಿವೇಕ ಮಾಡಿದೆ. ಕೊರವ ಮೀನು ಮರಿ ಮಾಡಿದಾಗ ಕೆಂಪು ಮರಿಗಳೆಲ್ಲ ಗುಂಪಾಗಿ ನೀರಿನ ಮೇಲೆ ಗುಜುಗುಜು ಅನ್ನುತ್ತಿರುತ್ತವೆ. ತಾಯಿ ಅವುಗಳ ಕೆಳಗೇ ಕಾವಲಿರುತ್ತದೆ. ಮರಿಗಳ ನಡುವೆ ಗಾಳ ಬಿಟ್ಟರೆ ಹಸಿವಿಲ್ಲದಿದ್ದರೂ ಸಿಟ್ಟಿಗೆ ಬಂದು ಕಚ್ಚುತ್ತದೆ. ನಾನು ಬಿಟ್ಟೆ. ಮಾವ ನನ್ನ ಕೈಯಿಂದ ಕೋಲು ಕಿತ್ತುಕೊಂಡು ನೀರಿಗೆ ಎಸೆದರು. "ಬಾಣಂತಿ ಕಣ್ಲಾ ಅದು. ನಿನ್ ಮನೇಲಿ ಹೆಂಗಸ್ರಿಲ್ವಾ?" ಎಂದರು. ಇಪ್ಪತ್ತೈದು ದಾಟಿದ ಗಂಡಸಿಗೆ, ಅದೂ ನಾಲ್ಕು ಜನರ ಮೇಲಿನ ಮೇಸ್ತ್ರಿಗೆ, ಆಡಬಹುದಾದ ಮಾತೇ? ಆದರೆ ಆ ಮನುಷ್ಯ ಇದ್ದದ್ದೇ ಹಾಗೆ. ತನ್ನದೆಂದು ಒಪ್ಪಿಕೊಂಡದ್ದರ ವಿಷಯದಲ್ಲಿ ಅಳಿಯನನ್ನೂ ನೋಡುತ್ತಿರಲಿಲ್ಲ.

ಇನ್ನು ಆ ಶನಿವಾರಕ್ಕೆ ಬರುತ್ತೇನೆ.

ನಮ್ಮ ಶೆಡ್ಡಿನಲ್ಲಿ ತಾಮ್ರ ಲೇಪಿಸುವ ತೊಟ್ಟಿಯೊಂದಿತ್ತು. ಅದರ ನೀರಿಗೆ ಸಯನೈಡ್ ಬೆರೆಸುತ್ತಿದ್ದೆವು. ಆರೇಳು ತಿಂಗಳಿಗೊಮ್ಮೆ ಆ ನೀರು ಕೆಟ್ಟು, ಹೊರಗೆ ಹಾಕಬೇಕಾಗುತ್ತಿತ್ತು. ನೇರವಾಗಿ ಹಾಕುವಂತಿರಲಿಲ್ಲ. ಹಿಂದೆ ಒಂದು ಸಿಮೆಂಟಿನ ಗುಂಡಿ, ಅದಕ್ಕೆ ಇಳಿಸಿ, ಬ್ಲೀಚಿಂಗ್ ಪೌಡರ್ ಸುರಿದು, ಮರದ ಕೋಲಿನಲ್ಲಿ ಗಂಟೆಗಟ್ಟಲೆ ತಿರುವಿ, ಒಂದು ರಾತ್ರಿ ಬಿಟ್ಟು ಆಮೇಲೆ ಮೋರಿಗೆ. ಪೌಡರ್ ಬಿದ್ದರೆ ವಿಷ ಸಾಯುತ್ತದೆ ಎಂದು ಮೊದಲಿದ್ದ ಮುದಿ ಕೆಮಿಸ್ಟರೊಬ್ಬರು ನಮಗೆ ಬಾಯಿಪಾಠ ಮಾಡಿಸಿದ್ದರು. ಆ ಕೆಲಸ ನನ್ನದೇ. ಆವತ್ತು ಮನೆಗೆ ಹೋದರೆ ನನ್ನ ಶರ್ಟು, ತಲೆಕೂದಲು ಎಲ್ಲ ಪೌಡರಿನ ಘಾಟು.

ಆ ಶನಿವಾರ ತೊಟ್ಟಿಯ ನೀರು ಗುಂಡಿಗೆ ಇಳಿದಿತ್ತು. ಹೊರಗೆ ನೋಡಿದರೆ ಪಡುವಣದ ಆಕಾಶ ಕಪ್ಪಾಗಿತ್ತು. ಭರಣಿ ಮಳೆ. ವರ್ಷದ ಮೊದಲ ಮಳೆಗೆ ಕಾಲುವೆಯಲ್ಲಿ ಹೊಸನೀರು ಬರುವಾಗ, ಕೆರೆಯ ಮೀನೆಲ್ಲ ಆ ನೀರಿಗೆ ಎದುರಾಗಿ ಹತ್ತುತ್ತವೆ. ಮೊದಲ ಸಂಜೆ ಹಾಗೆ ಹತ್ತುವ ಮೀನು ನೀರಗಂಟಿಯ ಪಾಲು. ಅದು ಹಿಂದಿನಿಂದ ಬಂದ ಹಕ್ಕು. ಮೂರು ವರ್ಷದಿಂದ ಮಾವ, "ಮೊದಲ್ನೇ ಮಳೆ ದಿನ ಬಾರ್ಲಾ, ಕೈಯಲ್ಲೇ ಬಾಚ್ಬೋದು" ಎಂದು ಕರೆಯುತ್ತಲೇ ಇದ್ದರು. ಮೂರು ವರ್ಷವೂ ನನಗೆ ಕೆಲಸ ಅಡ್ಡ ಬಂದಿತ್ತು. ಗುಡುಗು ಕೇಳಿಸಿತು. ಪೌಡರ್ ಹಾಕಿ ತಿರುವುತ್ತಾ ಕೂತರೆ ಆರು ಗಂಟೆ. ಇಷ್ಟು ಮಳೆ ಬರುತ್ತದಲ್ಲ, ಅದರಲ್ಲಿ ಈ ನಾಲ್ಕು ಡ್ರಮ್ಮು ನೀರು ಯಾವ ಲೆಕ್ಕ ಎಂದುಕೊಂಡೆ. ಗುಂಡಿಯ ಬಿರಡೆ ಕಿತ್ತೆ, ಕೈ ತೊಳೆದೆ, ಸೈಕಲ್ ಹತ್ತಿದೆ.

ಆ ಮೋರಿ ಮಾವನ ಕೆರೆಯ ಕಾಲುವೆಗೇ ಸೇರುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದರ ಪಕ್ಕದ ಕಾಲುದಾರಿಯಲ್ಲೇ ನಾನು ಮಾವನ ಊರಿಗೆ ಹೋಗುತ್ತಿದ್ದದ್ದು. ಗೊತ್ತಿರುವುದು ಒಂದು, ಆ ಹೊತ್ತಿಗೆ ನೆನಪಿಗೆ ಬರುವುದು ಇನ್ನೊಂದು. ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದ ಸಮಾಧಾನ ಇದು. ಅದರಿಂದ ಏನೂ ಉಪಯೋಗವಾಗಿಲ್ಲ.

ಆ ಸಂಜೆ ಕಾಲುವೆಯ ಬಾಯಲ್ಲಿ ಕಂಡಂಥದ್ದನ್ನು ನಾನು ಮತ್ತೆ ಕಂಡಿಲ್ಲ. ಮಳೆ ಜಡಿಯುತ್ತಿತ್ತು. ಕೆಂಪು ನೀರು ಹಾರಿ ಬರುತ್ತಿತ್ತು. ಮೊಣಕಾಲುದ್ದದ ನೀರಿನಲ್ಲಿ ಗೆಂಡೆಗಳು ಬೆನ್ನು ಹೊರಗೆ ಹಾಕಿ, ಒಂದರ ಮೇಲೊಂದು ಬಿದ್ದು, ಎದುರು ನೀರಿಗೆ ಏರುತ್ತಿದ್ದವು. ಮಾವ ಪಂಚೆ ಎತ್ತಿ ಕಟ್ಟಿ, ಬುಟ್ಟಿ ಹಿಡಿದು, ಹುಡುಗರ ಹಾಗೆ ಕೂಗುತ್ತಿದ್ದರು. ನಾನೂ ಕೂಗಿದೆ. ಜಾರಿ ಬಿದ್ದೆ, ಬಾಯಿಗೆ ಕೆಸರು ಹೋಯಿತು, ಎದ್ದು ನಕ್ಕೆ. ನನ್ನ ಜೀವಮಾನದಲ್ಲಿ ಅಷ್ಟು ಸಂತೋಷವಾದದ್ದು ಎರಡೋ ಮೂರೋ ಸಲ.

ಸ್ವಲ್ಪ ಹೊತ್ತಿಗೆ ಮೀನುಗಳು ವಾಲತೊಡಗಿದವು. ಓಡುತ್ತಿರಲಿಲ್ಲ. ಕೈಗೆ ತಾವೇ ಬಂದು ತಗಲುತ್ತಿದ್ದವು. "ನೋಡಿ ಮಾವ, ಹೆಂಗೆ ಸಿಗ್ತಾ ಇದಾವೆ!" ಎಂದೆ. ಮಾವ ನಿಂತುಬಿಟ್ಟರು. ಒಂದು ಮೀನನ್ನು ಎತ್ತಿ, ಕಿವಿರು ಬಿಡಿಸಿ ನೋಡಿದರು.

"ಇದು ಹತ್ತೋ ಮೀನಲ್ಲ ಕಣ್ಲಾ. ಇದ್ಕೇನೋ ಆಗದೆ."

ಬುಟ್ಟಿಯಲ್ಲಿದ್ದದ್ದನ್ನೆಲ್ಲ ದಡದ ಗುಂಡಿಯೊಂದಕ್ಕೆ ಸುರಿದು ಮಣ್ಣು ಮುಚ್ಚಿದರು. ಒಂದೂ ಮನೆಗೆ ಒಯ್ಯಬೇಡ ಎಂದರು. ಆಗಲೇ ನನಗೆ ತಿಳಿಯಿತು. ನಾನು ಬಾಯಿ ಬಿಡಲಿಲ್ಲ.

ಮಳೆಯೆಂದು ಅಲ್ಲೇ ಉಳಿದುಕೊಂಡೆ. ಬೆಳಗ್ಗೆ ಎದ್ದರೆ ಊರೆಲ್ಲ ಏರಿಯ ಮೇಲಿತ್ತು. ಕೆರೆಯ ಮೇಲೆ ಬಿಳಿ ಹೊಟ್ಟೆಗಳು. ಗೆಂಡೆ, ಜಿಲೇಬಿ ಮೀನು, ಜೊಂಡಿನ ಬುಡದಲ್ಲಿ ಮೊಳದುದ್ದದ ಕೊರವಗಳು. ಮೀನು ಹಂಚುವ ದಿನಕ್ಕೆ ಸರಿಯಾಗಿ ಒಂದು ವಾರವಿತ್ತು. ಹೆಂಗಸರು ಬಾಯಿಗೆ ಸೆರಗು ಹಿಡಿದು ನಿಂತಿದ್ದರು.

ಗುಂಪಿನಲ್ಲೊಬ್ಬ ಹೇಳಿದ: "ಇದು ಬ್ಲೀಚಿಂಗ್ ಪೌಡರ್ ಕೆಲಸ ಕಣಣ್ಣೋ. ನಮ್ ಭಾವನ ಊರಲ್ಲೂ ಹಿಂಗೇ ರಾತ್ರೋರಾತ್ರಿ ಹಾಕಿ ಮೀನು ಬಾಚ್ಕೊಂಡ್ ಹೋಗಿದ್ರು."

ಇನ್ನೊಬ್ಬ ನನ್ನ ಕಡೆ ನೋಡದೆ ಹೇಳಿದ: "ನೀರಗಂಟಿ ಅಳೀನ ಕಾರ್ಖಾನೇಲಿ ಆ ಪೌಡ್ರು ಮೂಟೆಗಟ್ಲೆ ಬಿದ್ದದಂತೆ. ಅವ್ನೇ ಒಂದಿನ ಹೇಳ್ಕೊಂತಿದ್ದ."

ಹೇಳಿಕೊಂಡಿದ್ದೆ, ಹೌದು. ನನ್ನ ದೊಡ್ಡಸ್ತಿಕೆ. ಹಿಂದಿನ ಸಂಜೆ ಕೆರೆಯ ಹತ್ತಿರ ಇದ್ದವರು ನಾವಿಬ್ಬರೇ. ಗುಂಡಿಗೆ ಮೀನು ಸುರಿದು ಮುಚ್ಚಿದ್ದನ್ನೂ ಯಾರೋ ಕಂಡಿದ್ದರು. ಪೌಡರ್ ಹಾಕಿದ್ದಕ್ಕೆ ಮೀನು ಸತ್ತವು ಎಂದು ಅವರು ಕೂಗುತ್ತಿದ್ದರು. ಪೌಡರ್ ಹಾಕದೆ ಬಿಟ್ಟದ್ದಕ್ಕೆ ಸತ್ತವು ಎಂದು ಆ ಗುಂಪಿನಲ್ಲಿ ತಿಳಿದಿದ್ದವನು ನಾನೊಬ್ಬ.

ಊರ ಯಜಮಾನರು ಸೌಮ್ಯ ಮನುಷ್ಯರು. ಅವರೇ ಹೇಳಿದರು: "ಬೇಲೀನೇ ಎದ್ದು ಹೊಲ ಮೇಯ್ತು ಅಂತವ್ರೆ ಜನ. ನಾನಂಗನ್ನಕ್ಕಿಲ್ಲ. ಆದ್ರೆ ನೀನು ನೀರು ಕುಡ್ದು ಹೇಳ್ಬೇಕು."

"ನಾಳೆ ಬೆಳಿಗ್ಗೆ ಕುಡೀತೀನಿ" ಎಂದರು ಮಾವ.

ಆ ಊರಲ್ಲಿ ಅದು ಪದ್ಧತಿ. ನೀರಗಂಟಿಯ ಮೇಲೆ ಮಾತು ಬಂದರೆ ಅವನು ತೂಬಿನ ಹತ್ತಿರ ನೀರಿಗಿಳಿದು ಮೂರು ಮಾತು ಹೇಳಬೇಕು. ಒಂದೊಂದು ಮಾತಿಗೆ ಒಂದೊಂದು ಬೊಗಸೆ ಕೆರೆ ನೀರು ಕುಡಿಯಬೇಕು. ಕೆರೆಗೆ ನಾನು ಕೇಡು ಮಾಡಿಲ್ಲ. ಕೇಡು ಮಾಡಿದವರನ್ನು ನಾನು ಅರಿಯೆ. ಅರಿತು ಮುಚ್ಚಿಟ್ಟಿಲ್ಲ. ಕೆರೆಗೆ ತಪ್ಪಿದವನ ಹೊಟ್ಟೆಯಲ್ಲಿ ಕೆರೆಯ ನೀರು ನಿಲ್ಲುವುದಿಲ್ಲ ಎಂದು ಅವರ ನಂಬಿಕೆ. ಮಾವನ ನಂಬಿಕೆಯೂ ಅದೇ.

ಭಾನುವಾರ ಮಧ್ಯಾಹ್ನ ವಠಾರಕ್ಕೆ ವಾಪಸು ಬಂದೆ. ಹೆಂಡತಿ ಐದು ತಿಂಗಳ ಬಸುರಿ. ವಿಷಯ ಹೇಳಿದೆ, ನನ್ನ ಭಾಗ ಬಿಟ್ಟು. ಅವಳು ನನ್ನ ಶನಿವಾರದ ಶರ್ಟನ್ನು ಬಕೆಟ್ಟಿನಿಂದ ಎತ್ತಿ ಮೂಸಿದಳು.

"ತೊಟ್ಟಿ ಖಾಲಿ ಮಾಡೋ ದಿನ ಅಂದಿದ್ರಲ್ಲ. ಎರಡು ಸಲ ಒಗೆದ್ರೂ ಹೋಗದ ಪೌಡರ್ ವಾಸ್ನೆ ಯಾಕಿಲ್ಲ ಇದ್ರಲ್ಲಿ?"

ನಾನು ಶರ್ಟನ್ನು ಅವಳ ಕೈಯಿಂದ ತೆಗೆದು ಮತ್ತೆ ಬಕೆಟ್ಟಿಗೆ ಹಾಕಿದೆ. ಅವಳಿಗೆ ಅಷ್ಟು ಸಾಕಾಯಿತು. ಅಲ್ಲೇ ನೆಲದ ಮೇಲೆ ಕೂತಳು.

"ನಾಳೆ ಅಪ್ಪ ಅದನ್ನೇ ಕುಡೀತಾರಾ?"

"ಮಳೆ ಬಿದ್ದಿದೆ. ನೀರು ತಿಳಿಯಾಗಿರತ್ತೆ."

"ಹಂಗಾದ್ರೆ ನೀವೇ ಒಂದು ಲೋಟ ಕುಡಿದು ಬನ್ನಿ" ಎಂದಳು. ಆಮೇಲೆ ಅಳುತ್ತಾ, "ಅವ್ರು ನೀರಿಗಿಳಿಯೋಕ್ ಮುಂಚೆ ಹೇಳಿ ರೀ. ನಿಮ್ಮ ಕೆಲ್ಸ ಹೋದ್ರೆ ಹೋಗ್ಲಿ. ನಾನು ಅಪ್ಪನ ಮನೇಲೇ ಹೆರ್ತೀನಿ" ಎಂದಳು.

ಹೇಳುತ್ತೇನೆ ಎಂದು ಅವಳ ತಲೆ ಮುಟ್ಟಿ ಹೇಳಿದೆ. ಸೋಮವಾರ ಬೆಳಗ್ಗೆ ಹೇಳಬೇಕೆಂದೇ ಹೊರಟೆ. ದಾರಿಯುದ್ದಕ್ಕೂ ವಾಕ್ಯ ಕೂಡಿಸಿಕೊಂಡೆ. ಏರಿ ಹತ್ತಿ ನೋಡಿದರೆ ಇಡೀ ಊರು ಕೂಡಿತ್ತು. ಹೆಣ್ಣುಮಕ್ಕಳು, ಕೈಗೂಸುಗಳು, ಹಿಂದಿನ ದಿನ ನನ್ನತ್ತ ನೋಡದೆ ನನ್ನ ವಿಷಯ ಮಾತಾಡಿದವನು. ಹೊಡೆಯುತ್ತಾರೆ ಅನ್ನಿಸಿತು. ಪೊಲೀಸು, ಶೆಡ್ಡಿಗೆ ಬೀಗ, ಓನರು, ನಾಲ್ಕು ಜನ ಕೆಲಸಗಾರರು, ಎಲ್ಲ ಕಣ್ಣ ಮುಂದೆ ಬಂದರು. ಎಲ್ಲಕ್ಕಿಂತ ಹೆಚ್ಚಾಗಿ, ಮಾವ ನನ್ನ ಮುಖ ನೋಡುವುದನ್ನು ನಾನು ನೋಡಬೇಕಲ್ಲ ಅನ್ನಿಸಿತು. ಜನರ ನಡುವೆ ಹೋಗಿ ನಿಂತೆ.

ಮಾವ ಮಡಿ ಪಂಚೆ ಉಟ್ಟು ಸೊಂಟದವರೆಗೆ ಇಳಿದರು. ಕೈಯಿಂದ ಸತ್ತ ಮೀನುಗಳನ್ನು ಅತ್ತ ಸರಿಸಿದರು. ಬೊಗಸೆ ತುಂಬಿದರು.

"ಈ ಕೆರೆಗೆ ನಾನ್ ಕೇಡು ಮಾಡಿಲ್ಲ."

ಕುಡಿದರು. ನಾನು ಒಂದು ಹೆಜ್ಜೆ ಮುಂದಿಟ್ಟೆ.

"ಕೇಡು ಮಾಡ್ದೋರ್ನ ನಾನರಿಯೆ."

ಕುಡಿದರು. ನನ್ನ ಪಕ್ಕದಲ್ಲಿ ಯಾರೋ ಕೆಮ್ಮಿದರು. ನಾನು ಆ ಕೆಮ್ಮು ನಿಲ್ಲಲಿ ಎಂದು ಕಾದೆ. ಹೌದು, ಕಾದೆ.

"ಅರಿತು ಮುಚ್ಚಿಟ್ಟಿಲ್ಲ."

ಮೂರನೆಯದನ್ನೂ ಕುಡಿದು ಬಾಯಿ ಒರೆಸಿಕೊಂಡರು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ. ತಿಂದವನು ನಾನು, ಕುಡಿದವರು ಅವರು.

ಬಿಸಿಲು ನೆತ್ತಿಗೆ ಬರುವವರೆಗೆ ಅವರು ಏರಿಯ ಮೇಲೆ ಕೂತಿರಬೇಕಿತ್ತು. ನಾನು ಅವರ ತುಟಿಯ ಬಣ್ಣ, ಉಸಿರು, ಕೈಬೆರಳು ನೋಡುತ್ತಾ ಕೂತೆ. ಶೆಡ್ಡಿನಲ್ಲಿ ನಮಗೆ ಹೇಳಿಕೊಟ್ಟಿದ್ದ ಗುರುತುಗಳನ್ನೆಲ್ಲ ಒಂದೊಂದಾಗಿ ಹುಡುಕಿದೆ. ಮನಸ್ಸಿನಲ್ಲಿ ಇಲ್ಲದ ದೇವರಿಗೂ ಹರಕೆ ಹೊತ್ತೆ. ಮೀನು ಸಾಯುವಷ್ಟು ವಿಷದಲ್ಲಿ ಮನುಷ್ಯ ಸಾಯಬೇಕಾಗಿಲ್ಲ ಎಂದು ಬಹಳ ವರ್ಷಗಳ ಮೇಲೆ ಒಬ್ಬರಿಂದ ತಿಳಿದೆ. ಆವತ್ತು ಗೊತ್ತಿರಲಿಲ್ಲ. ಮಾವ ಎಲೆಗೆ ಸುಣ್ಣ ಹಚ್ಚಿಕೊಂಡು, "ಯಾಕ್ಲಾ ಅಂಗೆ ಬೆವರ್ತೀಯ? ಉಂಡಿಲ್ವಾ?" ಎಂದು ನನ್ನನ್ನೇ ಕೇಳಿದರು.

ಅವರಿಗೆ ಏನೂ ಆಗಲಿಲ್ಲ. ಯಜಮಾನರು ಕೈಹಿಡಿದು ಎಬ್ಬಿಸಿದರು. ಮಾತಾಡಿದ್ದವರು ಮುಖ ತಗ್ಗಿಸಿದರು. ಅತ್ತೆ ಮನೆಯಲ್ಲಿ ಒಬ್ಬಟ್ಟಿಗೆ ಬೇಳೆ ಹಾಕಿದರು. ಸಂಜೆಯವರೆಗೂ ಜನ ಬಂದು ಹೋಗುತ್ತಿದ್ದರು. ಕೊನೆಗೆ ಯಜಮಾನರ ಆಳು ಬಾಗಿಲಲ್ಲೇ ನಿಂತು ಹೇಳಿದ: "ನೀರು ಸುದ್ಧವಾಗದೆ ಅಂತ ಯಜಮಾನ್ರು ಹೇಳವ್ರೆ. ನಾಳೆ ಹೊತ್ನಂತೆ ದನಗಳ್ನ ಇಳಿಸ್ಬೋದಂತೆ." ಸತ್ತ ಮೀನು ನೋಡಿ ಎರಡು ದಿನದಿಂದ ಊರಿನ ದನಗಳಿಗೆ ಬಾವಿ ನೀರು ಸೇದಿ ಹಾಕುತ್ತಿದ್ದರು. ಈಗ ಮಾವನ ಹೊಟ್ಟೆಯೇ ಸಾಕ್ಷಿಯಾಗಿ ನೀರು ಒಳ್ಳೆಯದಾಗಿಬಿಟ್ಟಿತ್ತು. ದನದ ಹಿಂದೆ ಬಟ್ಟೆ ಒಗೆಯುವವರು, ಅವರ ಹಿಂದೆ ಮಕ್ಕಳು ಇಳಿಯುವವರೇ.

ನಾನು ಹೇಳಿದ್ದು ಆಗ. ಧೈರ್ಯ ಬಂತೆಂದಲ್ಲ. ಒಂದು ದನ ಸತ್ತರೂ ಮಾತು ಮತ್ತೆ ಮಾವನ ತಲೆಗೇ ಸುತ್ತಿಕೊಳ್ಳುತ್ತದೆ, ಆಮೇಲೆ ನನ್ನ ತಲೆಗೆ ಎಂದು ಹೆದರಿ. ಹಿತ್ತಿಲಲ್ಲಿ ಅವರನ್ನು ನಿಲ್ಲಿಸಿ, ತೊಟ್ಟಿ, ಗುಂಡಿ, ಬಿರಡೆ, ಮೋರಿ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಪೂರ್ತಿ ಕೇಳಿದರು. ಹೊಡೆಯುತ್ತಾರೆಂದು ಕಾದಿದ್ದೆ. ಹೊಡೆಯಲಿಲ್ಲ.

"ನಾನ್ ಕುಡಿಯಕ್ ಮುಂಚೆ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಮಾವ."

"ನನ್ ಮಗೀಗೆ?"

"ಅವಳೇ ನನ್ನ ಕಳಿಸಿದ್ದು. ಮೊದಲೇ ಹೇಳಿ ಅಂತ."

ನಾನು ಊರವರಿಗೆ ಈಗಲೇ ಹೇಳಿಬಿಡುತ್ತೇನೆ ಎಂದೆ. ಹೇಳುವಾಗಲೇ ಬೇಡ ಅನ್ನಲಿ ಎಂದು ಆಸೆಪಟ್ಟೆ. ಅವರಿಗೆ ಅದೂ ಕಾಣಿಸಿತೋ ಏನೋ.

"ಬಾಯ್ ಮುಚ್ಕೊಂಡಿರು. ಅವ್ಳಿಗೆ ಹೆರಿಗೆ ಆಗ್ಲಿ. ನೀರಿಂದು ನಾನ್ ನೋಡ್ಕೊಂತೀನಿ" ಎಂದು, ಬಾಗಿಲ ಹಿಂದಿನ ಸಲಾಕೆ ತೆಗೆದುಕೊಂಡು ಏರಿ ಕಡೆ ನಡೆದರು.

ಮಾರನೆಯ ಬೆಳಗ್ಗೆ ದನ ಹೊಡೆದುಕೊಂಡು ಹೋದವರಿಗೆ ಕಂಡದ್ದು ಕೆಸರು. ತೂಬು ಪೂರ್ತಿ ಎದ್ದಿತ್ತು. ಇದ್ದಬದ್ದ ನೀರೆಲ್ಲ ಕೆಳಗಿನ ಪಾಳು ಬಯಲಿಗೆ ಹರಿದುಹೋಗಿತ್ತು. ಭರಣಿ ಮಳೆಯಲ್ಲಿ ತೂಬು ತೆಗೆಯುವುದೆಂದರೆ ಆ ಊರಲ್ಲಿ ಹೆತ್ತ ಮಗುವನ್ನು ಬಾವಿಗೆ ಎಸೆದ ಹಾಗೆ. ಸಸಿಮಡಿಗೆ ನೀರಿಲ್ಲ. ಏನಯ್ಯಾ ಇದು ಎಂದರೆ ಮಾವ, ತೂಬಿನ ಮರ ಕೊಳೆತಿತ್ತು, ಕಿತ್ತುಕೊಂಡಿತು ಎಂದಷ್ಟೇ ಹೇಳಿದರು. ಅದುವರೆಗೆ ಸುಳ್ಳು ಹೇಳಿ ಅಭ್ಯಾಸವಿಲ್ಲದ್ದರಿಂದ ಸುಳ್ಳು ಹೇಳಲು ಅವರಿಗೆ ಬರುತ್ತಲೂ ಇರಲಿಲ್ಲ. ಬೀದಿಯ ಮಕ್ಕಳಿಗೂ ಅದು ಸುಳ್ಳೆಂದು ಗೊತ್ತಾಯಿತು.

ಹತ್ತು ಹನ್ನೆರಡು ದಿನ ಮಾತು ಕುದಿಯಿತು. ಅಷ್ಟರಲ್ಲಿ ದೇವರ ದಯೆಯೆಂಬಂತೆ ಮಳೆ ಹಿಡಿಯಿತು. ಕೆರೆಗೆ ಹೊಸ ನೀರು ಮೊಣಕಾಲಿನಷ್ಟು ನಿಂತಿತು. ನಾನು ದಿನವೂ ಕೆಲಸದಿಂದ ಬರುವಾಗ ಮೋರಿಯ ಪಕ್ಕ ಇಳಿದು ನೋಡುತ್ತಿದ್ದೆ. ಮೋರಿಯಲ್ಲಿ ಕಪ್ಪೆಮರಿಗಳು ಈಜುತ್ತಿದ್ದವು, ವಿಷ ತೊಳೆದುಹೋಗಿತ್ತು. ಕೊನೆಗೆ ಯಜಮಾನರು ಮತ್ತೆ ಜನ ಸೇರಿಸಿದರು. ಬರಬೇಡ ಎಂದು ಮಾವ ಹೇಳಿ ಕಳಿಸಿದ್ದರು. ನಾನು ಹೋದೆ, ಹಿಂದೆ ನಿಂತೆ.

"ನಿನ್ ಮಾತು ನಂಬ್ತೀನಿ ಕಣಯ್ಯಾ" ಎಂದರು ಯಜಮಾನರು. ಅವರಿಗೆ ನಿಜವಾಗಿ ನೋವಾಗಿತ್ತು. "ಅವತ್ತು ಕುಡ್ದಂಗೆ ಇವತ್ತೂ ಮೂರು ಬೊಗಸೆ ಕುಡಿ. ಯಾರಾನಾ ಇನ್ನೊಂದ್ ಮಾತಾಡಿದ್ರೆ ನನ್ನ ಕೇಳು."

ಮಾವ ಇಳಿದರು. ಬೊಗಸೆ ತುಂಬಿದರು. ಈ ಕೆರೆಗೆ ನಾನು ಕೇಡು ಮಾಡಿಲ್ಲ ಎಂದರು. ಗಟ್ಟಿಯಾಗಿಯೇ ಹೇಳಿ ಕುಡಿದರು.

ಕೇಡು ಮಾಡಿದವರನ್ನು ಅರಿಯೆ ಎನ್ನಬೇಕಾದ ಎರಡನೆಯ ಬೊಗಸೆಯನ್ನು ತುಂಬಿಕೊಂಡು ಎದೆಯ ಮಟ್ಟಕ್ಕೆ ಎತ್ತಿದರು. ಅಲ್ಲಿಗೇ ನಿಂತರು. ಜನ ಕಾದರು. ನೀರು ಬೆರಳುಗಳ ಸಂದಿಯಿಂದ ಸುರಿದುಹೋಗುತ್ತಿತ್ತು. ನನ್ನ ಕಡೆ ಅವರು ಒಂದು ಸಲವೂ ನೋಡಲಿಲ್ಲ. ಇಷ್ಟು ಜನರ ನಡುವೆ ನಾನೆಲ್ಲಿ ನಿಂತಿದ್ದೇನೆಂದು ಅವರಿಗೆ ಗೊತ್ತಿತ್ತು, ಅದಕ್ಕೇ ನೋಡಲಿಲ್ಲ. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಈ ಸಲ ಕೆಮ್ಮಿದವರೂ ಇರಲಿಲ್ಲ.

ಬೊಗಸೆ ಬರಿದಾಯಿತು. ಮಾವ ಮತ್ತೆ ತುಂಬಿಕೊಳ್ಳಲಿಲ್ಲ. ಮೇಲೆ ಬಂದು, ಏರಿಯ ಮೇಲೆ ಇಟ್ಟಿದ್ದ ಸಲಾಕೆಯನ್ನು ಎತ್ತಿ ಯಜಮಾನರ ಕಾಲ ಬಳಿ ಮಲಗಿಸಿದರು.

"ಬೇರೆಯೋರ್ನ ನೋಡ್ಕೊಳ್ಳಿ ಯಜಮಾನ್ರೇ."

ಒಬ್ಬ ಕ್ಯಾಕರಿಸಿ ಉಗಿದ. ಕಳ್ಳ ಎಂದ ಇನ್ನೊಬ್ಬ. ಜನ ದಾರಿ ಬಿಟ್ಟರು. ಅಪ್ಪನ ಕಾಲದಿಂದ ಕಾದ ಕೆರೆಗೆ ಬೆನ್ನು ಹಾಕಿ ಮಾವ ಆ ದಾರಿಯಲ್ಲಿ ನಡೆದು ನನ್ನ ಹತ್ತಿರ ಬಂದರು, ನಿಂತರು. ಪಂಚೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಡಿ, ಊಟದ ಹೊತ್ತಾಯ್ತು" ಎಂದರು.

ನಾನು ಅವರ ಹಿಂದೆ ಹೋದೆ. ಅತ್ತೆ ಇಬ್ಬರಿಗೂ ತಟ್ಟೆ ಹಾಕಿದರು. ನಾನು ಕೂತು ಉಂಡೆ.